ರಿಂಗಿಗೂ ಒಂದಿಷ್ಟು ಮರ್ಯಾದೆ ಕೊಡಿ

ರೈಫಲ್ ಇಟ್ಟುಕೊಂಡವರು ನಾಲ್ಕು ಜನ ಸೇರಿದರೆ ಮಾತು ಸ್ಕೋಪಿಗೆ ಬಂದೇ ಬರುತ್ತದೆ. ಯಾರದು ಎಷ್ಟು ಪಟ್ಟು ಹಿಗ್ಗಿಸಿ ತೋರಿಸುತ್ತದೆ, ಗಾಜು ಜಪಾನಿನದೋ ಜರ್ಮನಿಯದೋ, ಮುಸ್ಸಂಜೆಯಲ್ಲಿ ಎಷ್ಟು ಸ್ಪಷ್ಟ? ಕಾಫಿ ಆರಿಹೋದರೂ ಮಾತು ಮುಗಿಯುವುದಿಲ್ಲ. ಆ ಸ್ಕೋಪನ್ನು ರೈಫಲ್ ಮೇಲೆ ಹಿಡಿದು ನಿಲ್ಲಿಸುವ ಎರಡು ರಿಂಗುಗಳ ಸುದ್ದಿ ಮಾತ್ರ ಯಾರೂ ಎತ್ತುವುದಿಲ್ಲ. ಅಂಗಡಿಯಲ್ಲೂ ಅಷ್ಟೇ. ಬಿಲ್ ಆದ ಮೇಲೆ ನೆನಪಾಗಿ, “ರಿಂಗ್ ಯಾವುದಾದರೂ ಒಂದು ಜೊತೆ ಕೊಡಿ” ಅನ್ನುತ್ತಾರೆ. ಈ ‘ಯಾವುದಾದರೂ’ ನನಗೆ ಸಹಿಸಲಾಗದ ಮಾತು.

ಯಾಕೆ ಅಂತ ಲೆಕ್ಕ ಹಾಕಿ ನೋಡಿ. ಎರಡು ರಿಂಗುಗಳ ನಡುವೆ 100 ಮಿಲಿಮೀಟರ್ ಅಂತರ ಇದೆ ಅಂದುಕೊಳ್ಳಿ. ಹಿಂದಿನ ರಿಂಗ್ ಮುಂದಿನದಕ್ಕಿಂತ ಮಿಲಿಮೀಟರಿನ ಹತ್ತನೇ ಒಂದು ಭಾಗ ಪಕ್ಕಕ್ಕೆ ಸರಿದಿದೆ. ನಾವು ಬರೆಯುವ ಹಾಳೆಯ ದಪ್ಪವೇ ಅಷ್ಟು. ಆದರೆ 50 ಮೀಟರ್ ದೂರದ ಗುರಿಯಲ್ಲಿ ಅದು 5 ಸೆಂಟಿಮೀಟರ್ ಆಗಿ ಬೆಳೆದು ನಿಂತಿರುತ್ತದೆ, 100 ಮೀಟರಿನಲ್ಲಿ 10 ಸೆಂಟಿಮೀಟರ್. ಸ್ಕೋಪಿನ ಗುಂಡಿ ತಿರುಗಿಸಿ ಸರಿಮಾಡಿಕೊಳ್ಳಬಹುದು, ನಿಜ. ಆದರೆ ಹಾಗೆ ತಿರುಗಿಸುತ್ತ ಹೋದಂತೆ ಸ್ಕೋಪಿಗಿರುವ ಹೊಂದಾಣಿಕೆಯ ಅವಕಾಶವೆಲ್ಲ ರಿಂಗಿನ ತಪ್ಪು ತಿದ್ದುವುದರಲ್ಲೇ ಖರ್ಚಾಗುತ್ತದೆ.

ಸ್ಕೋಪೇ ಇಲ್ಲದೆ ಬದುಕಿದವರೂ ಇದ್ದಾರೆ. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಶಿಕಾರಿ ಕತೆಗಳ ಕೆನೆತ್ ಆಂಡರ್ಸನ್ ನೆನಪಿರಬೇಕಲ್ಲ, ಆತನ ನೆಚ್ಚಿನ ರೈಫಲ್ .405 ವಿಂಚೆಸ್ಟರ್. ಬಿದಿರು ಮೆಳೆಯಿಂದ ಹತ್ತು ಹೆಜ್ಜೆಯಲ್ಲಿ ನರಭಕ್ಷಕ ಎದ್ದು ಬಂದರೆ ಸ್ಕೋಪಿಗೆ ಕಣ್ಣು ಕೊಡಲು ಪುರುಸೊತ್ತೆಲ್ಲಿ? ಕಬ್ಬಿಣದ ಸೈಟೇ ಸೈ. ಈಗ ಶಿಕಾರಿಯ ಕಾಲ ಹೋಯಿತು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಒಳ್ಳೆಯದೇ ಆಯಿತು. ಉಳಿದಿರುವುದು ಗುರಿಯ ಸುಖ. ಒಲಿಂಪಿಕ್ಸಿನ 10 ಮೀಟರ್ ಏರ್ ರೈಫಲ್ಲಿಗೆ ಸ್ಕೋಪ್ ಕೂಡದು. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಸಣ್ಣ ರಂಧ್ರದ ಸೈಟಿನಲ್ಲಿ ನೋಡಿ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ತೊಳೆದೊರೆಸಿ, ನಳಿಗೆಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ, ಪೂಜೆ ಮುಗಿಸಿ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರಲ್ಲ, ಅಂಥ ಪಂದ್ಯಕ್ಕೆ ಹೋಗುವವರೂ ಸ್ಕೋಪ್ ನಡೆಯುತ್ತದೆಯೋ ಇಲ್ಲವೋ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಸ್ಕೋಪ್ ಬೇಕೇ ಬೇಕು ಅನ್ನುವವರು ರಿಂಗ್ ಆರಿಸುವಾಗ ಮೊದಲು ನೋಡಬೇಕಾದದ್ದು ಸ್ಕೋಪನ್ನಲ್ಲ, ರೈಫಲ್ಲಿನ ಬೆನ್ನನ್ನು. ಚೆಕ್ ದೇಶದ ಬ್ರನೋ .22ರ ಹಲವು ಮಾದರಿಗಳಲ್ಲಿ ರಿಸೀವರಿನ ಮೇಲೆಯೇ 11 ಮಿಲಿಮೀಟರಿನ ಡವ್‌ಟೇಲ್ ಕಚ್ಚು ಕೊರೆದಿರುತ್ತಾರೆ. ರಿಂಗ್ ನೇರ ಅದಕ್ಕೇ ಕಚ್ಚಿಕೊಳ್ಳುತ್ತದೆ. ದೊಡ್ಡ ಬೋರಿನ ಸಿಝಡ್ 550ಕ್ಕೆ ಅದೇ ಡವ್‌ಟೇಲ್ 19 ಮಿಲಿಮೀಟರ್. ಬೇರೆ ಎಷ್ಟೋ ರೈಫಲ್ಲುಗಳಿಗೆ ಮೇಲೊಂದು ಪಟ್ಟಿ ಬೇಕು: ವೀವರ್ ಅಥವಾ ಪಿಕಟಿನಿ. ವೀವರ್ ಅಂದರೆ ಸಾಮಾನ್ಯರ ಕೈಗೆಟಕುವ ಬೆಲೆಗೆ ಸ್ಕೋಪ್ ಮಾಡಿ ಮಾರಿದ ಅಮೆರಿಕದ ಮನುಷ್ಯ, 1930ರಲ್ಲಿ ಕಂಪನಿ ಶುರುಮಾಡಿದವನು. ಪಿಕಟಿನಿ ಅಲ್ಲಿನ ಸೈನ್ಯ 1995ರಲ್ಲಿ ಅಳತೆ ಗೊತ್ತುಮಾಡಿದ ಪಟ್ಟಿ. ರಿಂಗಿನ ಅಡ್ಡಮೊಳೆ ಕೂರುವ ವೀವರಿನ ಸೀಳು 4.57 ಮಿಲಿಮೀಟರ್ ಅಗಲ, ಪಿಕಟಿನಿಯದು 5.23. ಹಾಗಾಗಿ ವೀವರ್ ರಿಂಗ್ ಸಾಮಾನ್ಯವಾಗಿ ಪಿಕಟಿನಿ ಪಟ್ಟಿಯಲ್ಲಿ ಕೂರುತ್ತದೆ. ಪಿಕಟಿನಿ ರಿಂಗ್ ವೀವರಿನಲ್ಲಿ ಕೂರುತ್ತದೆಂಬ ಭರವಸೆ ಇಲ್ಲ.

ಆಮೇಲೆ ಟ್ಯೂಬಿನ ದಪ್ಪ. ಹೆಚ್ಚಾಗಿ ಒಂದು ಇಂಚು, ಅಂದರೆ 25.4 ಮಿಲಿಮೀಟರ್, ಇಲ್ಲವೇ 30. ಇದರಲ್ಲಿ ರಾಜಿ ಇಲ್ಲ. ಎತ್ತರದ್ದೇ ಜಿಜ್ಞಾಸೆ. ರಿಂಗ್ ಎಷ್ಟು ಗಿಡ್ಡವೋ ಕೆನ್ನೆ ಅಷ್ಟು ಗಟ್ಟಿಯಾಗಿ ಸ್ಟಾಕಿನ ಮೇಲೆ ಕೂರುತ್ತದೆ. ಆದರೆ ಮುಂದಿನ ದೊಡ್ಡ ಗಾಜಿನ ಭಾಗ ನಳಿಗೆಗೆ ತಗಲಬಾರದು, ಬೋಲ್ಟ್ ಎತ್ತಿದಾಗ ಅದರ ಹಿಡಿ ಸ್ಕೋಪಿನ ಹಿಂಭಾಗಕ್ಕೆ ಬಡಿಯಬಾರದು. ಈ ಎರಡನೆಯದನ್ನು ಮರೆಯುವವರೇ ಹೆಚ್ಚು. ಸ್ಪ್ರಿಂಗ್ ಏರ್ ರೈಫಲ್ ಇದ್ದವರಿಗೆ ಇನ್ನೊಂದು ಮಾತು: ಅದು ಹಿಂದಕ್ಕೆ ಒದ್ದು ತಕ್ಷಣ ಮುಂದಕ್ಕೂ ಜಗ್ಗುತ್ತದೆ, ಸ್ಕೋಪ್ ಮೆಲ್ಲಗೆ ಹಿಂದೆ ಜಾರುತ್ತ ಬರುತ್ತದೆ. ತಡೆಮೊಳೆ ಇರುವ ರಿಂಗನ್ನೇ ಕೇಳಿ ತೆಗೆದುಕೊಳ್ಳಿ.

ಇನ್ನು ಕೂರಿಸುವ ಕೆಲಸ. ಮೊದಲು ಬೋಲ್ಟ್ ತೆಗೆದು ಚೇಂಬರ್ ಖಾಲಿ ಇದೆಯೇ ಕಣ್ಣಾರೆ ನೋಡಿ, ಬೆರಳಿಟ್ಟೂ ನೋಡಿ. ಸ್ಕ್ರೂಗಳ ಎಣ್ಣೆಪಸೆ ಒರೆಸಿ. ಕೆಳಗಿನ ಅರ್ಧ ರಿಂಗುಗಳನ್ನು ಬಿಗಿದು ಸ್ಕೋಪ್ ಮಲಗಿಸಿ, ಮೇಲಿನ ಅರ್ಧವನ್ನು ಸಡಿಲವಾಗಿಯೇ ಹಾಕಿ. ಸ್ಕೋಪನ್ನು ಅದರ ಗರಿಷ್ಠ ಶಕ್ತಿಗೆ ತಿರುಗಿಸಿ, ಕಣ್ಣು ಮುಚ್ಚಿಕೊಂಡು ರೈಫಲ್ಲನ್ನು ಹೆಗಲಿಗೇರಿಸಿ, ಕೆನ್ನೆ ತಾನಾಗಿ ಕೂತಮೇಲೆ ಕಣ್ಣು ತೆರೆಯಿರಿ. ಸುತ್ತ ಕಪ್ಪು ಅಂಚಿಲ್ಲದೆ ಪೂರ್ತಿ ಚಿತ್ರ ಕಾಣುವವರೆಗೆ ಸ್ಕೋಪನ್ನು ಹಿಂದೆ ಮುಂದೆ ಸರಿಸಿ. ಕತ್ತು ಸ್ಕೋಪನ್ನು ಹುಡುಕಿಕೊಂಡು ಹೋಗಬಾರದು.

ರೈಫಲ್ ಮಟ್ಟವಾಗಿದೆಯೇ ಎಂದು ಸಣ್ಣ ರಸಮಟ್ಟ ಇಟ್ಟು ನೋಡಿಕೊಂಡು, ದೂರದಲ್ಲಿ ಮೇಸ್ತ್ರಿಯ ತೂಕದ ಗುಂಡು ಇಳಿಬಿಟ್ಟು ಆ ದಾರಕ್ಕೆ ಕ್ರಾಸ್‌ಹೇರಿನ ಲಂಬಗೆರೆ ಕೂಡಿಸಿ. ಅನಂತರ ಬರುವುದೇ ತಾಳ್ಮೆಯ ಘಳಿಗೆ. ಒಂದು ಕಡೆಯ ಸ್ಕ್ರೂವನ್ನು ಪೂರ್ತಿ ಬಿಗಿದರೆ ಟ್ಯೂಬ್ ಆ ಕಡೆಗೆ ಹೊರಳುತ್ತದೆ. ಅಷ್ಟು ಹೊತ್ತು ಕೂಡಿಸಿದ ಗೆರೆ ಕಣ್ಣೆದುರೇ ವಾಲುತ್ತದೆ. ಎಡಕ್ಕೆ ಕಾಲು ಸುತ್ತು, ಬಲಕ್ಕೆ ಕಾಲು ಸುತ್ತು, ಎರಡೂ ಬದಿಯ ಸಂದು ಒಂದೇ ಸಮ ಇರುವಂತೆ ಬಿಗಿಯುತ್ತ ಬನ್ನಿ. ಎಷ್ಟು ಬಿಗಿಯಬೇಕು ಅನ್ನುವುದಕ್ಕೆ ತಯಾರಕರ ಚೀಟಿಯಲ್ಲಿ ಹೇಳಿದ್ದೇ ಪ್ರಮಾಣ. ಸಾಮಾನ್ಯವಾಗಿ 15ರಿಂದ 20 ಇಂಚು-ಪೌಂಡ್, ಅಂದರೆ ಸುಮಾರು 2 ನ್ಯೂಟನ್ ಮೀಟರ್. ಟಾರ್ಕ್ ಸ್ಕ್ರೂಡ್ರೈವರ್ ಇಲ್ಲದಿದ್ದರೆ ಅಲೆನ್ ಕೀಯ ಉದ್ದ ತುದಿಯನ್ನು ಸ್ಕ್ರೂಗೆ ಕೊಟ್ಟು, ಗಿಡ್ಡ ತುದಿಯನ್ನು ಎರಡೇ ಬೆರಳಲ್ಲಿ ತಿರುಗಿಸಿ. ತೋಳ್ಬಲ ತೋರಿಸಿದರೆ ತೆಳು ಅಲ್ಯೂಮಿನಿಯಂ ಟ್ಯೂಬ್ ನೆಗ್ಗುತ್ತದೆ, ಆ ನೆಗ್ಗು ಮತ್ತೆ ಮೇಲೇಳುವುದಿಲ್ಲ.

ಹಣ ಸಾಲದಿದ್ದರೆ ಸ್ಕೋಪಿನಲ್ಲಿ ಒಂದು ದರ್ಜೆ ಕಡಿಮೆ ಮಾಡಿಕೊಳ್ಳಿ, ರಿಂಗಿನಲ್ಲಿ ಬೇಡ. ಕೊಳ್ಳಲು ಹೋಗುವಾಗ ಡವ್‌ಟೇಲಿನ ಅಗಲ, ಟ್ಯೂಬಿನ ದಪ್ಪ, ಮುಂಗಾಜಿನ ಹೊರ ಅಳತೆ, ಈ ಮೂರನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಮೊದಲ ಸಲ ಗುರಿ ಕೂಡಿಸಿ ಬಂದ ಮೇಲೆ ಸ್ಕ್ರೂಗಳನ್ನು ಇನ್ನೊಮ್ಮೆ ಪರೀಕ್ಷಿಸಿ.