ಏಳನೇ ಹಾಡು

ನಮ್ಮ ಯಲಹಂಕದವರಿಗೆ ಒಂದು ಜಂಬ ಇದೆ, ಲಕ್ಕಿ ಅಲಿ ನಮ್ಮೂರಿನವನು ಅಂತ. ಹುಟ್ಟಿದ್ದು ಮುಂಬೈನಲ್ಲಿ, ಅಪ್ಪ ಹಿಂದಿ ಸಿನಿಮಾದ ಹಾಸ್ಯನಟ ಮೆಹಮೂದ್, ಹಾಡೋದು ಹಿಂದಿಯಲ್ಲಿ. ಆದ್ರೂ ನಮ್ಮವನೇ! ಯಾಕಂದ್ರೆ ಅವರ ತೋಟ ಇರೋದು ಕೆಂಚೇನಹಳ್ಳಿಯಲ್ಲಿ. (ಇಷ್ಟದ ಹಾಡುಗಾರರಿಗೆಲ್ಲ ನಾನು ಏಕವಚನಾನೇ ಬಳಸೋದು, ಬೇಜಾರು ಮಾಡ್ಕೋಬೇಡಿ.)

ಈ ಹುಚ್ಚು ನನಗೆ ಹತ್ತಿಸಿದ್ದು ನಮ್ಮ ಚಿಕ್ಕಪ್ಪ. ಆಗ ಎಲ್ಲರೂ ನ್ಯೂ ಟೌನ್ ಮನೇಲಿ ಒಟ್ಟಿಗೆ ಇದ್ವಿ. 2005ರಲ್ಲಿ ಚಿಕ್ಕಪ್ಪ ಹೊಸದಾಗಿ ಕಂಪ್ಯೂಟರ್ ತಗೊಂಡಿದ್ದ. ಒಂದು ಭಾನುವಾರ ಇಡೀ ಕೂತು ಒಂದು ಸೀಡಿ ಬರೆದ. ಮೇಲೆ ಮಾರ್ಕರ್ ಪೆನ್ನಲ್ಲಿ 'ಲಕ್ಕಿ - ಪೂರ್ತಿ' ಅಂತ ಗೀಚಿದ. ಹದಿನೈದು ಹಾಡು. 1996ರ 'ಸುನೋ'ದಿಂದ ಹಿಡಿದು 2004ರ 'ಕಭಿ ಐಸಾ ಲಗ್ತಾ ಹೈ' ತನಕ, ಮಧ್ಯೆ 'ಕಹೋ ನಾ ಪ್ಯಾರ್ ಹೈ' ಸಿನಿಮಾದ ಎರಡು ಹಾಡೂ ಸೇರಿ.

ಚಿಕ್ಕಪ್ಪ ಹಾಡುಗಳನ್ನ ಇಸವಿ ಪ್ರಕಾರ ಜೋಡಿಸಿರಲಿಲ್ಲ. 'ಓ ಸನಮ್' ಕಟ್ಟಕಡೆಗೆ. ಯಾಕೆ ಅಂತ ಕೇಳಿದ್ರೆ, "ಅದನ್ನ ಮೊದಲೇ ಹಾಕಿದ್ರೆ ಜನ ಅಷ್ಟು ಕೇಳಿ ಆಫ್ ಮಾಡ್ತಾರೆ ಕಣೋ. ಪಾಯಸ ಕೊನೇಲೇ ಬಡಿಸ್ಬೇಕು" ಅನ್ನೋನು. ಆ ಈಜಿಪ್ಟಿನ ವಿಡಿಯೋ ನೋಡಿ ಮರುಳಾದವರಿಗೆಲ್ಲ ಲಕ್ಕಿ ಅಂದ್ರೆ ಅದೊಂದೇ ಹಾಡು. ಅದು ಚಿಕ್ಕಪ್ಪನಿಗೆ ಸುತರಾಂ ಹಿಡಿಸ್ತಿರಲಿಲ್ಲ. ಅವನಿಗೆ 'ಸಿಫರ್' ದೊಡ್ಡದು, 'ದೇಖಾ ಹೈ ಐಸೇ ಭಿ' ಬಂದಾಗ ಮನೇಲಿ ಯಾರೂ ಮಾತಾಡೋ ಹಾಗಿಲ್ಲ.

ನಂಗೀಗ ಅನ್ಸೋದು, ಚಿಕ್ಕಪ್ಪನಿಗೆ ಆ ಮನುಷ್ಯನ ಬದುಕೇ ಹೆಚ್ಚು ಇಷ್ಟ ಇತ್ತೇನೋ. ಕುದುರೆ, ವ್ಯವಸಾಯ, ಅಲ್ಲೊಂದು ಇಲ್ಲೊಂದು ಸಿನಿಮಾದಲ್ಲಿ ನಟನೆ ಅಂತ ಸುತ್ತಾಡಿ ಮೊದಲ ಆಲ್ಬಮ್ ತಂದಾಗ ಲಕ್ಕಿಗೆ ಮೂವತ್ತೆಂಟರ ಹತ್ತಿರ! ಗೆದ್ದಮೇಲೂ ನಿಲ್ಲದೆ ಆಗಾಗ ಮಾಯ. ಮೂರು ಕೆಲಸ ಬಿಟ್ಟಿದ್ದ ಚಿಕ್ಕಪ್ಪನಿಗೆ ಅದೊಂದು ಸಮಾಧಾನ. ನಮ್ಮಪ್ಪನಿಗೆ ಅದೇ ತಲೆನೋವು. "ಅವನಿಗೆ ತೋಟ ಇದೆ, ಹಾಡ್ಕೊಂಡಿರ್ತಾನೆ. ನಿಂಗೇನಿದೆ?" ಅಂತ ಅಪ್ಪ ಕೇಳ್ತಿದ್ದ.

ಆಮೇಲೆ ಒಂದು ಸೈಟಿನ ವಿಷಯಕ್ಕೆ ಅಣ್ಣತಮ್ಮಂದಿರ ನಡುವೆ ಮಾತು ನಿಂತಿತು. 2013, ನನ್ನ ಎಸ್ಸೆಸ್ಸೆಲ್ಸಿ ವರ್ಷ. ತಪ್ಪು ಯಾರದ್ದು ಅಂತ ನನ್ನನ್ನ ಕೇಳಬೇಡಿ, ಇಬ್ಬರ ಮಾತೂ ಕೇಳಿದೀನಿ, ಇಬ್ಬರದ್ದೂ ಸರಿ ಅನ್ಸುತ್ತೆ. ಚಿಕ್ಕಪ್ಪ ಆರ್.ಟಿ. ನಗರಕ್ಕೆ ಹೋದ. ಹತ್ತು ಹನ್ನೆರಡು ಕಿಲೋಮೀಟರ್, ಮಧ್ಯೆ ಒಂದು ಹೆಬ್ಬಾಳ ಫ್ಲೈಓವರ್. ಆಫೀಸಿಗೆ ಅಂತ ನಾಗವಾರದ ಕಡೆ ದಿನಾ ಆ ಫ್ಲೈಓವರ್ ಹತ್ತಿರಾನೇ ಒದ್ದಾಡೋನು ನಾನು, ಒಂದು ದಿನಾನೂ ಆಚೆ ಇಳಿದು ಅವನ ಮನೆಗೆ ಹೋಗಿರಲಿಲ್ಲ.

ಹೋದ ತಿಂಗಳು ಅಟ್ಟ ಕ್ಲೀನ್ ಮಾಡೋವಾಗ ಆ ಸೀಡಿ ಸಿಕ್ತು. ಹಳೇ ಡ್ರೈವ್ ಒಂದನ್ನ ಲ್ಯಾಪ್‌ಟಾಪಿಗೆ ಸಿಗಿಸಿ ಕಾಪಿ ಮಾಡೋಕೆ ಕೂತೆ. ಹದಿನಾಲ್ಕು ಬಂತು. ಏಳನೇದು ಮಾತ್ರ ಕಿಟಿ ಕಿಟಿ ಅಂದು ನಿಂತುಬಿಡ್ತು. ನೆನಪಾಯ್ತು, ಚಿಕ್ಕವನಿದ್ದಾಗ ಆ ಸೀಡೀನ ನೆಲದ ಮೇಲೆ ಚಕ್ರ ಮಾಡಿ ಓಡಿಸಿ ಗೀರು ಹಾಕಿದ್ದು ನಾನೇ :-) ಅವತ್ತಿಂದ ಏಳನೇ ಹಾಡನ್ನ ನಮ್ಮನೇಲಿ ಯಾರೂ ಕೇಳಿಲ್ಲ. ಬರೀ ಆಡಿಯೋ ಸೀಡಿ, ಹಾಡಿನ ಹೆಸರೂ ಇಲ್ಲ. ಎಷ್ಟು ನಿಮಿಷದ್ದು ಅಂತ ತೋರಿಸ್ತಿತ್ತು. ಅದನ್ನ ಹಿಡಿದು ಹತ್ತು ನಿಮಿಷದಲ್ಲಿ ಪತ್ತೆ ಹಚ್ಚಬಹುದಿತ್ತು. ಹಚ್ಚಲಿಲ್ಲ.

ಬದಲಿಗೆ ಪಟ್ಟಿ ಮುಂದುವರಿಸ್ದೆ. 2004ಕ್ಕೇ ನಿಂತರೆ 'ಪೂರ್ತಿ' ಹೇಗಾಗುತ್ತೆ? 2008ರ 'ಆಹಿಸ್ತಾ ಆಹಿಸ್ತಾ', 2010ರ 'ಹೈರತ್', ರೆಹಮಾನ್ ಸಂಗೀತದ 'ಸಫರ್‌ನಾಮಾ' 2015ರದ್ದು, 2024ರ 'ತೂ ಹೈ ಕಹಾಂ'. ಸಾಲಾಗಿ ಕೇಳಿದ್ರೆ ವಾದ್ಯಗಳೆಲ್ಲ ಬದಲಾಗುತ್ತೆ, ಆ ಮೂಗಿನ ಹತ್ತಿರದ ಒರಟು ದನಿ ಮಾತ್ರ ಹಾಗೇ. ಸ್ವಲ್ಪ ಸವೆದಿದೆ ಅಷ್ಟೇ. 2020ರಲ್ಲಿ ಗೋವಾದಲ್ಲಿ ಬಿಳಿ ಗಡ್ಡದ ಲಕ್ಕಿ ಗಿಟಾರ್ ಹಿಡಿದು 'ಓ ಸನಮ್' ಹಾಡಿದ ಮೊಬೈಲ್ ವಿಡಿಯೋ ನೀವೂ ನೋಡಿರ್ತೀರ. ಅದನ್ನ ಕಟ್ಟಕಡೆಗೆ ಹಾಕಿದೆ. ಹಳೇ 'ಓ ಸನಮ್' ಇದ್ದಲ್ಲೇ ಇರಲಿ, ಎರಡು ಸಲ ಪಾಯಸ.

ಶನಿವಾರ ಆರ್.ಟಿ. ನಗರಕ್ಕೆ ಹೋದೆ. ಅಪ್ಪನಿಗೆ ಹೇಳಿಯೇ ಹೋದೆ, ಅಪ್ಪ ಪೇಪರ್ ಮಡಚಲೂ ಇಲ್ಲ. ಚಿಕ್ಕಪ್ಪ ಬಾಗಿಲು ತೆಗೆದು, "ಏನೋ, ತೆಳ್ಳಗಾಗಿದೀಯ" ಅಂದ. ಅಷ್ಟೇ. ಚಿಕ್ಕಮ್ಮ ಕಾಫಿ ಕೊಟ್ಟು ಎರಡು ಸಲ ಅತ್ತರು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಸೀದಾ "ಚಿಕ್ಕಪ್ಪಾ, ಆ ಸೀಡೀಲಿ ಏಳನೇ ಹಾಡು ಯಾವುದು?" ಅಂದೆ.

"ಯಾವ ಸೀಡಿ?" ಅಂತಾನೂ ಕೇಳಲಿಲ್ಲ ಆಸಾಮಿ! "ಆ ಭೀ ಜಾ. 'ಸುರ್' ಪಿಕ್ಚರಿಂದು, ಅದರಲ್ಲಿ ಅವನೇ ಹೀರೋ" ಅಂದ. ಇಪ್ಪತ್ತು ವರ್ಷ ಆಗಿದೆ ರೀ!

ಕೆಳಗೆ ಕಾರಲ್ಲಿ ಕೂತು ಪೂರ್ತಿ ಕೇಳಿದ್ವಿ. ಏಳನೇದನ್ನ ಅಲ್ಲೇ ಮೊಬೈಲಲ್ಲಿ ಹುಡುಕಿ ಸೇರಿಸಿದೆ. ಹೊಸ ಹಾಡುಗಳಲ್ಲಿ ಒಂದು ಅವನಿಗೆ ಹಿಡಿಸಲಿಲ್ಲ, ಮುಖ ಹಿಂಡಿ ಮುಂದಕ್ಕೆ ಓಡಿಸಿದ. ಗೋವಾದ್ದು ಬಂದಾಗ ಕಿಟಕಿ ಕಡೆ ತಿರುಗಿ ಕೂತಿದ್ದ, ಎರಡು ಸಲ ಹಾಕಿಸಿದ. ಆಮೇಲೆ ಇಳಿಯೋಕೆ ಬಾಗಿಲು ತೆಗೆದು ಹಾಗೇ ನಿಂತ.

"ಅಣ್ಣ ಶುಗರ್ ಮಾತ್ರೆ ಸರಿಯಾಗಿ ತಗೋತಾನಾ?"

ಬೆಳಗ್ಗೆದು ತಗೋತಾರೆ, ರಾತ್ರೀದು ಮರೀತಾರೆ ಅಂದೆ.

"ಮೊದಲಿಂದಾನೂ ಹಂಗೇ ಅವನು" ಅಂತ ಬೈಕೊಂಡು ಮೆಟ್ಟಿಲು ಹತ್ತಿದ.