ಹಸಿರು ಗೋಡೆಯ ನೆರಳಿನಲ್ಲಿ

ಬಾಸ್ಟನ್ ನಗರದ ಕೆನ್ಮೋರ್ ನಿಲ್ದಾಣದಲ್ಲಿ ರೈಲಿಳಿದು, ಹೆದ್ದಾರಿಯ ಮೇಲಿನ ಸೇತುವೆಯನ್ನು ದಾಟಿದರೆ ಫೆನ್‌ವೇ ಪಾರ್ಕ್ ಎದುರಾಗುತ್ತದೆ. ಹೊರಗಿನಿಂದ ನೋಡಿದರೆ ಹಳೆಯ ಇಟ್ಟಿಗೆಯ ಗೋದಾಮಿನಂತಿರುವ ಈ ಕ್ರೀಡಾಂಗಣ 1912ರ ಏಪ್ರಿಲ್‌ನಲ್ಲಿ ಬಾಗಿಲು ತೆರೆಯಿತು. ಅಮೆರಿಕದ ಅಗ್ರಶ್ರೇಣಿಯ ಬೇಸ್‌ಬಾಲ್ ಅಂಗಣಗಳಲ್ಲಿ ಇದೇ ಹಿರಿಯದು. ಮಗಳ ಮನೆಗೆಂದು ಹೋಗಿದ್ದ ನನಗೆ ಅಳಿಯಂದಿರು ಒಂದು ಸಂಜೆಯ ಟಿಕೆಟು ತೆಗೆದುಕೊಟ್ಟಿದ್ದರು. ಕ್ರಿಕೆಟ್ಟಿನ ಕಣ್ಣಿನಿಂದಲೇ ನೋಡಲು ಹೋದವನು, ಬೇರೊಂದು ಪ್ರಶ್ನೆಯನ್ನು ಹೊತ್ತು ಮರಳಿದೆ.

ಒಳಗೆ ಕಾಲಿಟ್ಟವನ ಕಣ್ಣನ್ನು ಮೊದಲು ಸೆಳೆಯುವುದು ಎಡಬದಿಯ ಹಸಿರು ಗೋಡೆ. ಅದರ ಎತ್ತರ 37 ಅಡಿ. ಅದರ ಬುಡದಲ್ಲಿರುವ ಅಂಕಪಟ್ಟಿಯ ಸಂಖ್ಯೆಗಳನ್ನು ಇಂದಿಗೂ ಕೈಯಿಂದಲೇ ತೂಗುಹಾಕುತ್ತಾರೆ. ಬೇರೆಡೆ ಸುಲಭವಾಗಿ ಕ್ಯಾಚ್ ಆಗಬಹುದಾದ ಎತ್ತರದ ಹೊಡೆತ ಇಲ್ಲಿ ಗೋಡೆಗೆ ತಗುಲಿ ಎರಡು ನೆಲೆಗಳನ್ನು ಗಳಿಸಿಕೊಡುತ್ತದೆ. ಬೇರೆಡೆ ಅಂಗಣದಾಚೆ ಹಾರಿ ‘ಹೋಮ್ ರನ್’ ಎನಿಸಬಹುದಾದ ಬಿರುಸಿನ ಹೊಡೆತ ಗೋಡೆಗೆ ಬಡಿದು ಮರಳುತ್ತದೆ. ಆಟಗಾರನ ಲೆಕ್ಕವನ್ನು ಓದುವ ಮೊದಲು ಅವನು ಆಡಿದ ನೆಲವನ್ನು ಓದಬೇಕೆಂಬ ಪಾಠವನ್ನು ಈ ಗೋಡೆ ಸದ್ದಿಲ್ಲದೆ ಹೇಳಿಕೊಡುತ್ತದೆ.

ನನ್ನ ಪಕ್ಕದಲ್ಲಿ ಕುಳಿತಿದ್ದ ವೃದ್ಧರು 50ನೆಯ ಸಂಖ್ಯೆಯ, ಬಣ್ಣ ಮಾಸಿದ ಅಂಗಿಯನ್ನು ತೊಟ್ಟಿದ್ದರು. ಅದು ಮೂಕಿ ಬೆಟ್ಸ್‌ನ ಸಂಖ್ಯೆ. ಗಿಡ್ಡ ಮೈಕಟ್ಟಿನ ಈ ಹುಡುಗನನ್ನು 2011ರಲ್ಲಿ, ಆಯ್ಕೆಯ ಐದನೆಯ ಸುತ್ತಿನಲ್ಲಿ, ಇಲ್ಲಿನ ರೆಡ್ ಸಾಕ್ಸ್ ತಂಡ ಆರಿಸಿಕೊಂಡಿತು. 2018ರಲ್ಲಿ ಅವನು ಲೀಗಿನ ಸರ್ವಶ್ರೇಷ್ಠ ಆಟಗಾರನಾದ; ತಂಡವೂ ಪ್ರಶಸ್ತಿ ಗೆದ್ದಿತು. ದೀರ್ಘ ಒಪ್ಪಂದದ ಮಾತು ಕೂಡಿಬರಲಿಲ್ಲ. ವೇತನದ ಮಿತಿ ಮೀರಿದರೆ ತೆರಬೇಕಾದ ತೆರಿಗೆಯ ಚಿಂತೆಯೂ ತಂಡಕ್ಕಿತ್ತು. 2020ರ ಫೆಬ್ರುವರಿಯಲ್ಲಿ ಅವನನ್ನು ಲಾಸ್ ಏಂಜಲೀಸ್‌ಗೆ ಕೊಟ್ಟು, ಮೂವರು ಎಳೆಯರನ್ನು ತಂದರು. ಅದೇ ವರ್ಷ ಬೆಟ್ಸ್ ಅಲ್ಲಿ ಪ್ರಶಸ್ತಿ ಗೆದ್ದ. ಬಂದ ಮೂವರಲ್ಲಿ 2023ರ ಕೊನೆಗೆ ಇಲ್ಲಿ ಉಳಿದಿದ್ದವನು ಕಾನರ್ ವಾಂಗ್ ಒಬ್ಬನೇ. “ಅಂಗಿಯನ್ನು ಎಸೆಯಲು ಮನಸ್ಸು ಬರಲಿಲ್ಲ” ಎಂದಷ್ಟೇ ಆ ಹಿರಿಯರು ಹೇಳಿದರು.

ನಮ್ಮ ಯಕ್ಷಗಾನದಲ್ಲಿ ಎಳೆಯ ಕಲಾವಿದ ಕೋಡಂಗಿ, ಬಾಲಗೋಪಾಲ ವೇಷಗಳಿಂದ ಮೊದಲ್ಗೊಂಡು ಮೇಲೇರುವಂತೆ, ಬೇಸ್‌ಬಾಲಿನ ಹುಡುಗರೂ ಸಣ್ಣ ಊರುಗಳ ಕೆಳಹಂತದ ತಂಡಗಳಲ್ಲಿ ವರ್ಷಗಟ್ಟಲೆ ಪಳಗುತ್ತಾರೆ. ಪೂರ್ವರಂಗದ ಕುಣಿತವನ್ನು ಕಂಡೇ ಮುಂದಿನ ಅರ್ಜುನನನ್ನು ಗುರುತಿಸುವ ಕಣ್ಣು ಇಲ್ಲಿಯೂ ಬೇಕು. ಆ ಕಣ್ಣು ತಪ್ಪಿದ ಕಥೆಯೊಂದನ್ನು ಬಾಸ್ಟನ್ನಿನವರು ಇಂದಿಗೂ ಮರೆತಿಲ್ಲ.

1990ರಲ್ಲಿ ನ್ಯೂ ಬ್ರಿಟನ್ ಊರಿನ ಕೆಳಹಂತದ ತಂಡದಲ್ಲಿ ಜೆಫ್ ಬ್ಯಾಗ್‌ವೆಲ್ ಎಂಬ ಯುವಕನಿದ್ದ. ಹುಟ್ಟಿದ್ದು ಬಾಸ್ಟನ್ನಿನಲ್ಲೇ. ಆ ವರ್ಷ ಅವನ ಬ್ಯಾಟಿಂಗ್ ಸರಾಸರಿ .333, ಅಂದರೆ ಮೂರು ಸರದಿಗೆ ಒಂದು ಯಶಸ್ವೀ ಹೊಡೆತ. ಆದರೆ ಹೋಮ್ ರನ್ ಕೇವಲ ನಾಲ್ಕು. ಅವನ ಮೂರನೆಯ ನೆಲೆಯ ಸ್ಥಾನದಲ್ಲಿ ಮುಖ್ಯ ತಂಡದ ವೇಡ್ ಬಾಗ್ಸ್ ಭದ್ರವಾಗಿ ನಿಂತಿದ್ದ. ಪ್ರಶಸ್ತಿಯ ಓಟದಲ್ಲಿದ್ದ ತಂಡಕ್ಕೆ ಒಬ್ಬ ಪಿಚರ್ ತುರ್ತಾಗಿ ಬೇಕಾಗಿದ್ದ. ಆಗಸ್ಟ್ ಕೊನೆಯಲ್ಲಿ ಬ್ಯಾಗ್‌ವೆಲ್‌ನನ್ನು ಹ್ಯೂಸ್ಟನ್‌ಗೆ ಕೊಟ್ಟು, 37 ವರ್ಷದ ಲ್ಯಾರಿ ಆಂಡರ್ಸನ್‌ನನ್ನು ಕರೆತಂದರು.

ಆಂಡರ್ಸನ್ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿದ. 22 ಇನ್ನಿಂಗ್ಸ್ ಎಸೆದ. ತಂಡ ತನ್ನ ವಿಭಾಗವನ್ನು ಗೆದ್ದಿತು. ಅನಂತರ ಓಕ್ಲೆಂಡ್ ಎದುರು ನಾಲ್ಕಕ್ಕೆ ನಾಲ್ಕೂ ಪಂದ್ಯಗಳನ್ನು ಸೋತಿತು. ಋತು ಮುಗಿದೊಡನೆ ಆಂಡರ್ಸನ್ ಹೊರಟುಹೋದ. ಅತ್ತ ಬ್ಯಾಗ್‌ವೆಲ್ ಮೊದಲ ನೆಲೆಗೆ ಸ್ಥಾನ ಬದಲಿಸಿ, ಹ್ಯೂಸ್ಟನ್ ಒಂದರಲ್ಲೇ 15 ಋತು ಆಡಿ, 449 ಹೋಮ್ ರನ್ ಬಾರಿಸಿದ. 2017ರಲ್ಲಿ ಕೀರ್ತಿಭವನ ಸೇರಿದ. ನಾಲ್ಕು ಎಂಬ ಅಂಕಿಯನ್ನು ಕಂಡವರು ಮೂರಕ್ಕೊಂದು ಎಂಬ ಅಂಕಿಯ ಒಳಗಿದ್ದ ಕಸುವನ್ನು ಕಾಣದೆ ಹೋದರು.

ಆದರೆ ಇದೇ ತಂಡ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿಯೂ ಕುಳಿತಿದೆ. 1997ರ ಜುಲೈ 31ರಂದು ಸಿಯಾಟಲ್‌ಗೆ ಹೀತ್‌ಕ್ಲಿಫ್ ಸ್ಲೋಕಂಬ್ ಎಂಬ ಪಿಚರನ್ನು ಕೊಟ್ಟು, ಜೇಸನ್ ವ್ಯಾರಿಟೆಕ್ ಮತ್ತು ಡೆರೆಕ್ ಲೋ ಎಂಬಿಬ್ಬರು ಎಳೆಯರನ್ನು ಪಡೆಯಿತು. ಏಳು ವರ್ಷಗಳ ಬಳಿಕ, 2004ರಲ್ಲಿ, 86 ವರ್ಷಗಳ ಬರ ನೀಗಿಸಿದ ತಂಡದಲ್ಲಿ ಇವರಿಬ್ಬರೂ ಆಧಾರಸ್ತಂಭಗಳಾಗಿದ್ದರು. ಅಡಿಕೆ ಸಸಿ ನೆಟ್ಟವನಿಗಿರುವ ತಾಳ್ಮೆ ಈ ವ್ಯಾಪಾರಕ್ಕೂ ಬೇಕು.

“ಕೊಡುವ ಮೊದಲು ಆಟಗಾರನನ್ನು ಕೇಳುವುದಿಲ್ಲವೇ?” ಎಂದೆ. ವೃದ್ಧರು ನಕ್ಕರು. ಒಪ್ಪಂದದಲ್ಲಿ ಬೇರೆ ಷರತ್ತಿಲ್ಲದಿದ್ದರೆ, ಹತ್ತು ವರ್ಷ ಅಗ್ರಶ್ರೇಣಿಯಲ್ಲಿ ಆಡಿ, ಅದರಲ್ಲಿ ಕೊನೆಯ ಐದನ್ನು ಒಂದೇ ತಂಡದಲ್ಲಿ ಕಳೆದವನಿಗೆ ಮಾತ್ರ ಬೇಡವೆನ್ನುವ ಹಕ್ಕು. ಉಳಿದವರು ಪೆಟ್ಟಿಗೆ ಕಟ್ಟಬೇಕು. ಸೇಂಟ್ ಲೂಯಿಸ್ ತಂಡಕ್ಕೆ 12 ಋತು ಆಡಿದ ಕರ್ಟ್ ಫ್ಲಡ್‌ನನ್ನು 1969ರಲ್ಲಿ ಫಿಲಡೆಲ್ಫಿಯಾಕ್ಕೆ ಕೊಟ್ಟಾಗ, ತಾನು ಮಾರಾಟದ ಸರಕಲ್ಲವೆಂದು ಅವನು ನ್ಯಾಯಾಲಯದ ಮೆಟ್ಟಿಲೇರಿದ. 1972ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಸೋತ. ಅವನ ಆಟವೂ ಅಲ್ಲಿಗೆ ಮುಗಿದಿತ್ತು. ಹತ್ತು–ಐದರ ನಿಯಮ ಬಂದದ್ದು ಅದರ ಮರುವರ್ಷ. ಮೊದಲೇ ಇದ್ದಿದ್ದರೆ ಅವನಿಗೂ ಸಲ್ಲುತ್ತಿತ್ತು.

ನಮ್ಮ ಕಲಾವಿದನೂ ಮೇಳ ಬದಲಿಸುತ್ತಾನೆ; ಆದರೆ ಮಾತುಕತೆಯಲ್ಲಿ ಅವನೂ ಕುಳಿತಿರುತ್ತಾನೆ. ಅಂದು ಎಂಟನೆಯ ಇನ್ನಿಂಗ್ಸಿನಲ್ಲಿ ಇಡೀ ಅಂಗಣ ಎದ್ದುನಿಂತು ಹಾಡತೊಡಗಿದಾಗ, ಬಗಲಿನ ವೃದ್ಧರೂ ಎದ್ದರು. ಬೆನ್ನ ಮೇಲಿನ ಆ 50 ದೀಪದ ಬೆಳಕಿಗೆ ಒಮ್ಮೆ ಹೊಳೆಯಿತು. ತಂಡವು ಕೊಟ್ಟುಬಿಟ್ಟವನನ್ನು ಅವರು ಇನ್ನೂ ಕೊಟ್ಟಿರಲಿಲ್ಲ.