ಎರಡು ಗುಂಪು

ಪ್ರಬಂಧವನ್ನು ಬರೆಯುವುದಕ್ಕಿಂತ ಬರೆಯಿಸುವುದು ಸುಲಭವೆಂದು ಜನರು ತಿಳಿದಿರುವರು. ಶಿಕ್ಷಣಶಾಸ್ತ್ರದ ಅಧ್ಯಾಪಕನಾಗಿ ಹಲವು ವಿದ್ಯಾರ್ಥಿಗಳ ಸಂಶೋಧನೆಗೆ ಮಾರ್ಗದರ್ಶಕನೆನಿಸಿಕೊಂಡ ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆನು. ಆ ಭ್ರಮೆ ನೀಗಿದ ಬಗೆಯನ್ನು ವಾಚಕರಲ್ಲಿ ಅರಿಕೆಮಾಡಿಕೊಳ್ಳುತ್ತೇನೆ.

ಕೆಲವು ವರ್ಷಗಳ ಕೆಳಗೆ ಎಂ.ಎಡ್. ತರಗತಿಯ ವಿದ್ಯಾರ್ಥಿನಿಯೊಬ್ಬಳು ಅಂಧ ಮಕ್ಕಳ ಶಾಲೆಯಲ್ಲಿ ಗಣಕಯಂತ್ರದ ಉಪಯೋಗವನ್ನು ಪರೀಕ್ಷಿಸಬೇಕೆಂದು ನನ್ನಲ್ಲಿಗೆ ಬಂದಳು. ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಗಳು ಈಗ ಕನ್ನಡಕ್ಕೂ ಒದಗಿವೆ. ಅವುಗಳಲ್ಲಿ ಎನ್‌ವಿಡಿಎ ಎಂಬುದನ್ನು, ಸ್ವತಃ ದೃಷ್ಟಿಯಿಲ್ಲದವರಾದ ಆಸ್ಟ್ರೇಲಿಯದ ಮೈಕೆಲ್ ಕರನ್ ಎಂಬವರು 2006ರಲ್ಲಿ ಆರಂಭಿಸಿದರು. ಅದಕ್ಕೆ ಬೆಲೆ ತೆರಬೇಕಾಗಿಲ್ಲ. ಶಾಲೆಯಲ್ಲಿ ದಾನಿಗಳು ಕೊಟ್ಟ ಯಂತ್ರಗಳು ಮೂರಿದ್ದುವು. ಏಳನೆಯ ತರಗತಿಯಲ್ಲಿ ಮಕ್ಕಳು ಹನ್ನೆರಡು ಮಂದಿ.

ನಾನು ಕೂಡಲೆ ಏರ್ಪಾಡನ್ನು ಹೇಳಿಬಿಟ್ಟೆನು. ಆರು ಮಕ್ಕಳಿಗೆ ಯಂತ್ರ. ಉಳಿದ ಆರು ಮಕ್ಕಳಿಗೆ ಎಂದಿನ ಪಾಠ. ಆರು ವಾರಗಳಾದ ಮೇಲೆ ಅಂಕಗಳನ್ನು ಹೋಲಿಸತಕ್ಕದ್ದು. "ಎಲ್ಲರೂ ಒಂದೇ ಹಾಸ್ಟೆಲಿನ ಮಕ್ಕಳು, ಸರ್" ಎಂದು ಆಕೆ ಅನುಮಾನಿಸಿದಳು. "ಶಾಸ್ತ್ರಕ್ಕೆ ದಾಕ್ಷಿಣ್ಯವಿಲ್ಲ" ಎಂದೆನು. ಆ ಮಾತು ಆಗ ನನಗೆ ಬಹು ಚೆನ್ನಾಗಿಯೇ ಕಂಡಿತ್ತು.

ಮೂರನೆಯ ವಾರದಲ್ಲಿ ನಾನೇ ಶಾಲೆಗೆ ಹೋದೆನು. (ಮಾರ್ಗದರ್ಶಕರು ಹೀಗೆ ಹೋಗುವುದು ಅಪರೂಪ, ಮೇಜಿನ ಮುಂದೆ ಕುಳಿತೇ ಮಾರ್ಗ ತೋರಿಸುವುದು ವಾಡಿಕೆ.) ಒಂದು ಕೊಠಡಿಯಲ್ಲಿ ಮಕ್ಕಳು ಮೊಳೆಯಂತಹ ಕಡ್ಡಿಯಿಂದ ಕಾಗದದ ಮೇಲೆ ಟಕಟಕನೆ ಬ್ರೈಲ್ ಚುಕ್ಕೆಗಳನ್ನು ಒತ್ತುತ್ತಿದ್ದರು. ಬಲದಿಂದ ಎಡಕ್ಕೆ ತಿರುವುಮುರುವಾಗಿ ಬರೆದು, ಹಾಳೆಯನ್ನು ಮಗುಚಿ, ಎಡದಿಂದ ಬಲಕ್ಕೆ ಬೆರಳಾಡಿಸಿ ಓದಬೇಕು. ಕಣ್ಣುಳ್ಳ ನಾವು ಒಂದು ಸಾಲು ಹಾಗೆ ಬರೆಯುವುದರೊಳಗೆ ಬೆವೆತುಹೋದೇವು. ಪಕ್ಕದ ಕೊಠಡಿಯಲ್ಲಿ ಯಂತ್ರದ ಗುಂಪು. ಅದರ ಬಾಗಿಲ ಹೊರಗೆ ಒಬ್ಬ ಹುಡುಗಿ ಗೋಡೆಗೆ ಕಿವಿಯಾನಿಸಿ ನಿಂತಿದ್ದಳು. ನಮ್ಮ ಹೆಜ್ಜೆಯ ಸಪ್ಪಳವನ್ನು ಗುರುತಿಸಿ, "ಅಕ್ಕಾ, ನಮ್ಮನ್ನ ಯಾಕೆ ಬಿಟ್ರಿ? ನಾವೇನು ತಪ್ಪು ಮಾಡಿದ್ವಿ?" ಎಂದು ಕೇಳಿದಳು.

ವಿದ್ಯಾರ್ಥಿನಿ ಏನನ್ನೂ ಹೇಳದೆ ನನ್ನ ಮುಖವನ್ನು ನೋಡಿದಳು. ತಪ್ಪು ಯಾರದೆಂಬುದು ನಮ್ಮಿಬ್ಬರಿಗೂ ಗೊತ್ತಿದ್ದಿತು.

ಮರುದಿನದಿಂದ ಹನ್ನೆರಡು ಮಕ್ಕಳಿಗೂ ಸರದಿಯಂತೆ ಯಂತ್ರ ಸಿಕ್ಕಿತು. ಅಲ್ಲಿಗೆ ಹೋಲಿಕೆಯ ಲೆಕ್ಕ ಕೆಟ್ಟಿತು. ಹನ್ನೆರಡೇ ಮಂದಿಯಲ್ಲಿ ಆ ಲೆಕ್ಕ ಮೊದಲಾದರೂ ಎಷ್ಟು ನಿಂತೀತು ಎಂಬುದು ಬೇರೆ ಮಾತು. ಆದರೆ ಅಂಕಗಳ ಗೋಜು ಬಿಟ್ಟು ಆಕೆ ಮಕ್ಕಳ ಉಕ್ತಲೇಖನವನ್ನು ನೋಡತೊಡಗಿದಾಗ ನಾವು ಹುಡುಕದೇ ಇದ್ದ ಸಂಗತಿಯೊಂದು ಹೊರಬಿದ್ದಿತು. ಯಂತ್ರದಿಂದ ಕಥೆ ಕೇಳುವುದಕ್ಕೆ ಒಗ್ಗಿ ಬ್ರೈಲ್ ಪುಸ್ತಕವನ್ನು ಬದಿಗಿಟ್ಟಿದ್ದ ಮಕ್ಕಳು 'ವಿಷಯ'ವನ್ನು 'ವಿಶಯ'ವೆಂದೂ 'ಧನ'ವನ್ನು 'ದನ'ವೆಂದೂ ಬರೆದಿದ್ದರು! ಕಿವಿಗೆ ಇವೆಲ್ಲ ಒಂದೇ. ಬೆರಳಿಗೆ ಬೇರೆ ಬೇರೆ. ಬಾಣದ ಕೀಲಿಯನ್ನು ಒತ್ತಿ ಅಕ್ಷರಾಕ್ಷರವಾಗಿಯೂ ಕೇಳಬಹುದು, ನಿಜ. ಕಥೆ ಓಡುತ್ತಿರುವಾಗ ಯಾವ ಮಗು ತಾನೆ ನಿಲ್ಲಿಸಿ ಕೇಳೀತು? ಹಾಗೆಂದು ಯಂತ್ರವನ್ನು ಹಳಿಯಲಾಗದು. ಅಚ್ಚಿನ ಒಂದು ಪುಸ್ತಕ ಬ್ರೈಲಿಗೆ ಇಳಿದರೆ ಹಲವು ದಪ್ಪ ಸಂಪುಟಗಳಾಗುವುದು. ಆ ಶಾಲೆಯ ಕಪಾಟಿನಲ್ಲಿ ಕಥೆಯ ಪುಸ್ತಕಗಳು ಏಳೋ ಎಂಟೋ, ಯಂತ್ರದಲ್ಲಿ ನೂರಾರು. ಕೊನೆಗೆ ಆಕೆ ಬೆಳಿಗ್ಗೆ ಕೇಳಿದ ಕಥೆಯ ಹತ್ತು ಸಾಲುಗಳನ್ನು ಮಧ್ಯಾಹ್ನ ಚುಕ್ಕೆಗಳಲ್ಲಿ ಬರೆಯಿಸುವ ಪದ್ಧತಿಯನ್ನು ಹಿಡಿದಳು.

ಪ್ರಬಂಧದಲ್ಲಿ ಗುಂಪುಗಳನ್ನು ಮುರಿದ ಕಾರಣವನ್ನು ಬರೆಯಬೇಕಾಗಿ ಬಂದಿತು. "ಮೊದಲಿನ ಏರ್ಪಾಡು ಮಾರ್ಗದರ್ಶಕರ ಸೂಚನೆಯಂತೆ ಎಂದು ಬರೆಯಲೇ, ಸರ್?" ಎಂದು ಆಕೆ ಸಂಕೋಚದಿಂದ ಕೇಳಿದಳು. ಪರೀಕ್ಷಕರ ಹುಬ್ಬುಗಳನ್ನು ನೆನೆದು ನಾನು ಒಂದು ಗಳಿಗೆ ಸುಮ್ಮನಿದ್ದೆನು. ಬಳಿಕ, "ಬರೆಯಮ್ಮ" ಎಂದೆನು.

ಬಾಗಿಲ ಹೊರಗೆ ನಿಂತಿದ್ದ ಹುಡುಗಿ ತನ್ನ ಸರದಿ ಬಂದಾಗ ಮೊದಲು ತನ್ನ ಹೆಸರನ್ನೇ ಬೆರಳಚ್ಚು ಮಾಡಿದಳಂತೆ. ಯಂತ್ರ ಅದನ್ನು ಓದಿದುದನ್ನು ಕೇಳಿ, "ಇದಕ್ಕೆ ನನ್ನ ಹೆಸರು ಸರಿಯಾಗಿ ಹೇಳೋಕೆ ಬರಲ್ಲ" ಎಂದು ನಕ್ಕು, ಅದಕ್ಕೆ ಕಲಿಸುವವಳಂತೆ ನಾಲ್ಕು ಸಲ ಗಟ್ಟಿಯಾಗಿ ಹೇಳಿದಳಂತೆ.